ಎರಡನೆಯ ಹಾರ್ಡ್ ಡಿಸ್ಕ್, ಎರಡನೆಯ ದಾರಿ

1956ರಲ್ಲಿ ಮೈಸೂರು ಸರ್ಕಾರ ಕೋಲಾರದ ಚಿನ್ನದ ಗಣಿಗಳನ್ನು (ಕೆಜಿಎಫ್) ತನ್ನ ವಶಕ್ಕೆ ತೆಗೆದುಕೊಂಡಿತು. ಅದೇ ವರ್ಷ ಅಮೆರಿಕದ ಐಬಿಎಂ ಕಂಪನಿ ಜಗತ್ತಿನ ಮೊದಲ ಹಾರ್ಡ್ ಡಿಸ್ಕನ್ನು ಮಾರುಕಟ್ಟೆಗೆ ತಂದಿತು. ಎರಡಡಿ ಅಗಲದ 50 ತಟ್ಟೆಗಳಿದ್ದ ಆ ಯಂತ್ರದ ತೂಕ ಸುಮಾರು ಒಂದು ಟನ್. ಅಷ್ಟು ದೊಡ್ಡ ಯಂತ್ರದಲ್ಲಿ ಹಿಡಿಸುತ್ತಿದ್ದದ್ದು 50 ಲಕ್ಷ ಅಕ್ಷರಗಳು ಮಾತ್ರ. ಈಗ ಅಂಗೈಯಗಲದ ಒಂದು ಟೆರಾಬೈಟ್ ಡಿಸ್ಕಿನಲ್ಲಿ ಅಂಥ ಎರಡು ಲಕ್ಷಕ್ಕೂ ಹೆಚ್ಚು ಯಂತ್ರಗಳ ಮಾಹಿತಿ ಕೂರುತ್ತದೆ. ಇಡೀ ಮನೆತನದ ಫೋಟೊ, ದಾಖಲೆಗಳನ್ನೆಲ್ಲ ಒಂದೇ ಡಿಸ್ಕಿಗೆ ತುಂಬಿ ನಿಶ್ಚಿಂತರಾಗುವ ಅಭ್ಯಾಸ ಬೆಳೆದದ್ದು ಇದರಿಂದಲೇ. ಅಪಾಯವೂ ಅಲ್ಲೇ ಇದೆ.

ಕೆಜಿಎಫ್‌ನ ಗಣಿಗಳು 2001ರ ಫೆಬ್ರುವರಿ 28ರಂದು ಮುಚ್ಚಿದವು. ಅಲ್ಲಿನ ಆಂಡರ್ಸನ್‌ಪೇಟೆಯ ಒಂದು ಮನೆಯಲ್ಲಿ ತಾತ ಹೆಲ್ಮೆಟ್ ತೊಟ್ಟು ಶಾಫ್ಟಿನ ಮುಂದೆ ನಿಂತ ಫೋಟೊ ಇದೆ ಎಂದುಕೊಳ್ಳಿ. ಅದನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕಿದ್ದಾರೆ. ಕಾಗದದ ಪ್ರತಿ ಗೆದ್ದಲು ಹಿಡಿದು ಹೋಗಿದೆ. ಇನ್ನು ಆ ಫೈಲೇ ಮೂಲಪ್ರತಿ. ಅಂಥ ಫೋಟೊ ಮತ್ತೆ ತೆಗೆಸಲು ಗಣಿಯೂ ಇಲ್ಲ, ತಾತನೂ ಇಲ್ಲ.

ಆ ಫೈಲು ಎಂಥ ಜಾಗದಲ್ಲಿದೆ ನೋಡೋಣ. ಹಾರ್ಡ್ ಡಿಸ್ಕಿನೊಳಗೆ ಗಾಜಿನ ಅಥವಾ ಅಲ್ಯೂಮಿನಿಯಂನ ನುಣುಪಾದ ತಟ್ಟೆಗಳಿವೆ. ಅವುಗಳ ಮೇಲೆ ಕಾಂತೀಯ ಮಿಶ್ರಲೋಹದ ತೆಳುವಾದ ಲೇಪವಿದೆ. ಆ ಲೇಪದ ಸೂಕ್ಷ್ಮ ಜಾಗಗಳು ಯಾವ ದಿಕ್ಕಿಗೆ ಕಾಂತವಾಗಿವೆ ಎಂಬುದರಲ್ಲೇ ನಮ್ಮ ಫೋಟೊ, ಪತ್ರ, ಲೆಕ್ಕಪತ್ರವೆಲ್ಲ ಅಡಗಿದೆ. ಡೆಸ್ಕ್‌ಟಾಪಿನ ಡಿಸ್ಕ್ ಸಾಮಾನ್ಯವಾಗಿ ನಿಮಿಷಕ್ಕೆ 7200 ಸುತ್ತು ತಿರುಗುತ್ತದೆ. ತಟ್ಟೆಯ ಅಂಚಿನ ವೇಗ ಗಂಟೆಗೆ 120 ಕಿಲೋಮೀಟರಿಗೂ ಹೆಚ್ಚು. ಓದಿ ಬರೆಯುವ ಹೆಡ್ ತಟ್ಟೆಯನ್ನು ಮುಟ್ಟುವುದೇ ಇಲ್ಲ. ತಿರುಗುವ ತಟ್ಟೆ ಎಬ್ಬಿಸಿದ ಗಾಳಿಯ ಪದರದ ಮೇಲೆ, ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ಅದು ತೇಲುತ್ತಿರುತ್ತದೆ. ತಲೆಗೂದಲಿನ ದಪ್ಪ ಹತ್ತಾರು ಸಾವಿರ ನ್ಯಾನೋಮೀಟರ್. ಆ ಸಂದಿನಲ್ಲಿ ಒಂದು ಧೂಳಿನ ಕಣ ಸಿಕ್ಕಿಕೊಂಡರೂ ಲೇಪ ಕಿತ್ತುಬರಬಹುದು.

ಕರೆಂಟ್ ಥಟ್ಟನೆ ಹೋದರೆ? ತಟ್ಟೆ ನಿಂತಿತೆಂದರೆ ಗಾಳಿಯ ಪದರವೂ ಇಲ್ಲ, ಹೆಡ್ ತಟ್ಟೆಯ ಮೇಲೆ ಕೂತುಬಿಡುತ್ತದೆ. ಹಾಗಾಗದಂತೆ ಎಂಜಿನಿಯರುಗಳು ಸೊಗಸಾದ ಉಪಾಯ ಮಾಡಿದ್ದಾರೆ. ಕರೆಂಟ್ ಹೋದರೂ ತಟ್ಟೆ ಕೆಲ ಕ್ಷಣ ತನ್ನ ವೇಗದಲ್ಲೇ ತಿರುಗುತ್ತಿರುತ್ತದೆ. ಆಗ ಅದರ ಮೋಟಾರೇ ಜನರೇಟರ್ ಆಗಿ ಚೂರು ವಿದ್ಯುತ್ ಹುಟ್ಟಿಸುತ್ತದೆ, ಅಷ್ಟರಲ್ಲೇ ಹೆಡ್ ಪಕ್ಕದ ತಂಗುದಾಣಕ್ಕೆ ಸರಿಯುತ್ತದೆ. 1902ರಲ್ಲಿ ಶಿವನಸಮುದ್ರದಿಂದ ಕೆಜಿಎಫ್‌ಗೆ ಬಂದ ವಿದ್ಯುತ್ ಹುಟ್ಟಿದ್ದೂ ಕಾಂತ ಮತ್ತು ಸುರುಳಿಯ ಇದೇ ತತ್ತ್ವದಿಂದ. ಆದರೆ ಈ ಉಪಾಯ ಉಳಿಸುವುದು ಹೆಡ್ಡನ್ನು ಮಾತ್ರ. ಅರ್ಧ ಬರೆದ ಫೈಲನ್ನಲ್ಲ.

ಡಿಸ್ಕ್ ಕೆಡಲು ಬೇರೆ ಕಾರಣಗಳೂ ಇವೆ: ಮೇಜಿನಿಂದ ಬೀಳುವುದು, ಬೇರಿಂಗ್ ಸವೆಯುವುದು, ವೋಲ್ಟೇಜ್ ಏರಿ ಸರ್ಕ್ಯೂಟ್ ಸುಡುವುದು. ತಿರುಗುವ ಭಾಗವಿಲ್ಲದ ಎಸ್‌ಎಸ್‌ಡಿಯೂ ಕೆಡುತ್ತದೆ, ಅದೂ ಮುನ್ಸೂಚನೆಯಿಲ್ಲದೆ. ಡಿಸ್ಕ್ ಸರಿಯಿದ್ದರೂ ನಾವೇ ಕೈತಪ್ಪಿ ಫೋಲ್ಡರ್ ಅಳಿಸಬಹುದು. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಹರಡಿದ ವಾನಾಕ್ರೈ ಎಂಬ ಕುತಂತ್ರಾಂಶ ಕಂಪ್ಯೂಟರಿನ ಫೈಲುಗಳಿಗೆ ಬೀಗ ಹಾಕಿ ಹಣ ಕೇಳಿತು.

ನಮ್ಮಲ್ಲಿ ಬಹಳ ಜನ ಸಿ ಡ್ರೈವಿನ ಫೋಟೊಗಳನ್ನು ಡಿ ಡ್ರೈವಿಗೆ ಕಾಪಿ ಮಾಡಿ ಬ್ಯಾಕಪ್ ಆಯಿತು ಅನ್ನುತ್ತಾರೆ. ಎಷ್ಟೋ ಕಂಪ್ಯೂಟರುಗಳಲ್ಲಿ ಇವೆರಡೂ ಒಂದೇ ಡಿಸ್ಕಿನ ಎರಡು ಭಾಗಗಳು. ಡಿಸ್ಕ್ ಹೋದರೆ ಎರಡೂ ಹೋದವು. ಗಣಿಯ ಕೆಲಸ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೆಲದಡಿಯಿಂದ ಮೇಲೆ ಬರಲು ಕನಿಷ್ಠ ಎರಡು ಪ್ರತ್ಯೇಕ ದಾರಿಗಳು ಇರಲೇಬೇಕು ಎಂಬುದು ಗಣಿ ಸುರಕ್ಷತೆಯ ನಿಯಮ. ಒಂದೇ ಶಾಫ್ಟಿನಲ್ಲಿ ಎರಡು ಏಣಿ ಇಟ್ಟರೆ ಅದು ಎರಡು ದಾರಿಯಾಗದು.

ಹಾಗಾಗಿ ಬೇಕಾದದ್ದು ಬೇರೆಯೇ ಒಂದು ಡಿಸ್ಕ್. ಕಂಪ್ಯೂಟರಿನ ಡಿಸ್ಕಿಗಿಂತ ದೊಡ್ಡದಾದ, ಯುಎಸ್‌ಬಿಗೆ ಸಿಕ್ಕಿಸುವ ಎಕ್ಸ್‌ಟರ್ನಲ್ ಡಿಸ್ಕ್ ಸಾಕು. ವಿಂಡೋಸ್‌ನಲ್ಲಿ ಫೈಲ್ ಹಿಸ್ಟರಿ, ಮ್ಯಾಕ್‌ನಲ್ಲಿ ಟೈಮ್ ಮಶೀನ್ ಇವೆ. ಪ್ರತ್ಯೇಕವಾಗಿ ದುಡ್ಡು ಕೊಡಬೇಕಿಲ್ಲ. ಮೊದಲ ಸಲ ಎಲ್ಲವೂ ನಕಲಾಗಬೇಕಾದ್ದರಿಂದ ಗಂಟೆಗಟ್ಟಲೆ ಹಿಡಿಯುತ್ತದೆ. ಆಮೇಲೆ ಹೊಸದಾಗಿ ಸೇರಿದ್ದು, ಬದಲಾದದ್ದು ಮಾತ್ರ ಹೋಗುತ್ತದೆ; ಹಳೆಯ ರೂಪಗಳೂ ಉಳಿದಿರುತ್ತವೆ. ನಿನ್ನೆ ಕೆಡಿಸಿದ ಫೈಲಿನ ಮೊನ್ನೆಯ ರೂಪ ಬೇಕೆಂದರೆ ಸಿಗುವುದು ಹೀಗೆ.

ಕೆಲಸ ಮುಗಿದ ಮೇಲೆ ಪರದೆಯಲ್ಲಿ ಡಿಸ್ಕನ್ನು ಇಜೆಕ್ಟ್ ಮಾಡಿಯೇ ಕೇಬಲ್ ಕೀಳಿ. ಬರೆಯಬೇಕಾದದ್ದರಲ್ಲಿ ಸ್ವಲ್ಪ ಭಾಗ ಇನ್ನೂ ಕಂಪ್ಯೂಟರಿನ ಮೆಮೊರಿಯಲ್ಲೇ ಕಾಯುತ್ತಿರಬಹುದು. ಕಿತ್ತ ಡಿಸ್ಕನ್ನು ಬೀರುವಿನಲ್ಲಿಡಿ. ಸದಾ ಸಿಕ್ಕಿಸಿಯೇ ಇಟ್ಟರೆ ಸಿಡಿಲಿಗೂ ವೈರಸ್ಸಿಗೂ ಎರಡು ಡಿಸ್ಕುಗಳು ಒಟ್ಟಿಗೇ ಸಿಗುತ್ತವೆ.

ಬ್ಯಾಕಪ್ ಇದೆ ಎಂದರಷ್ಟೇ ಸಾಲದು, ಅದು ತೆರೆಯಬೇಕು. 1998ರಲ್ಲಿ ಪಿಕ್ಸಾರ್ ಸ್ಟುಡಿಯೊದಲ್ಲಿ ಟಾಯ್ ಸ್ಟೋರಿ 2 ಚಿತ್ರದ ಬಹುಪಾಲು ಫೈಲುಗಳು ಒಂದು ತಪ್ಪು ಆಜ್ಞೆಯಿಂದ ಅಳಿಸಿಹೋದವು. ಬ್ಯಾಕಪ್ ತೆಗೆದು ನೋಡಿದರೆ ಅದೂ ಸರಿಯಿರಲಿಲ್ಲ. ಆಗಷ್ಟೇ ಮಗುವಾಗಿದ್ದ ಅಲ್ಲಿನ ಉದ್ಯೋಗಿ ಗೇಲಿನ್ ಸಸ್ಮನ್ ಮನೆಯಿಂದಲೇ ಕೆಲಸ ಮಾಡಲು ಇಟ್ಟುಕೊಂಡಿದ್ದ ಕಂಪ್ಯೂಟರಿನಲ್ಲಿ ಒಂದು ಪ್ರತಿ ಸಿಕ್ಕಿ ಚಿತ್ರ ಉಳಿಯಿತು. ಆಗಾಗ ಎರಡನೆಯ ಡಿಸ್ಕಿನಿಂದ ನಾಲ್ಕಾರು ಫೈಲು ತೆರೆದು ನೋಡಿ. ಸಾಧ್ಯವಾದರೆ ಮೂರನೆಯ ಪ್ರತಿಯೊಂದನ್ನು ಬೇರೆ ಊರಿನಲ್ಲಿಡಿ. ಕೆಜಿಎಫ್‌ನಿಂದ ಬಂಗಾರಪೇಟೆ ಮೇಲೆ ಬೆಂಗಳೂರಿಗೆ ರೈಲಿನಲ್ಲಿ ಓಡಾಡುವ ಮಂದಿ ನಮ್ಮಲ್ಲಿ ಎಷ್ಟೋ ಇದ್ದಾರೆ. ಅಲ್ಲಿರುವ ಮಗಳ ಮನೆಗೋ ತಮ್ಮನ ಮನೆಗೋ ಒಂದು ಡಿಸ್ಕ್ ತಲುಪಿಸುವುದು ಕಷ್ಟವಲ್ಲ.

ಮನೆಯಲ್ಲಿ ಒಂದೇ ಪ್ರತಿ ಇದ್ದರೆ ಈ ತಿಂಗಳಲ್ಲೇ ಎರಡನೆಯ ಡಿಸ್ಕ್ ತನ್ನಿ. ಮೊದಲು ಹಳೆಯ ಫೋಟೊಗಳು, ಆಮೇಲೆ ಪಿಎಫ್, ಪಿಂಚಣಿ, ಮಾರ್ಕ್ಸ್ ಕಾರ್ಡುಗಳ ಸ್ಕ್ಯಾನ್. ಸಿನಿಮಾ, ಹಾಡುಗಳು ಕೊನೆಗಿರಲಿ. ಅವು ಇನ್ನೊಂದು ಕಡೆ ಸಿಕ್ಕೇ ಸಿಗುತ್ತವೆ.