ಹಳೆಯ ಹೂಚಿತ್ರ, ಹೊಸ ಸರಕು: ಹಕ್ಕು ಯಾರದು?

ನಂಜನಗೂಡಿನ ದೊಡ್ಡ ಜಾತ್ರೆಗೆ ಬಂದವರು ಪ್ರಸಾದದೊಡನೆ ಒಂದಾದರೂ ನೆನಪಿನ ವಸ್ತುವನ್ನು ಕೊಂಡೊಯ್ಯುವುದು ವಾಡಿಕೆ. ತಿರುಮಕೂಡಲು ನರಸೀಪುರದಲ್ಲಿ 1989ರಲ್ಲಿ ಆರಂಭವಾದ ಕುಂಭಮೇಳ 2025ರ ಫೆಬ್ರುವರಿಯಲ್ಲಿಯೂ ಜರುಗಿತು. ಇಂತಹ ಸಂದರ್ಭಗಳಲ್ಲಿ ದೇವರ ಪಟಗಳಿಗೆ ಬೇಡಿಕೆ. ಆದರೆ ಗೃಹಪ್ರವೇಶ, ಬೀಳ್ಕೊಡುಗೆ, ಹೊಸ ವರ್ಷದ ಉಡುಗೊರೆಗಳ ವ್ಯಾಪಾರ ವರ್ಷವಿಡೀ ನಡೆಯುವಂಥದು. ಯಾರಿಗೆ ಬೇಕಾದರೂ ಸಂಕೋಚವಿಲ್ಲದೆ ಕೊಡಬಹುದಾದ್ದರಿಂದ ಹೂದಾನಿಯ ಚಿತ್ರವುಳ್ಳ ಲೋಟ, ತಟ್ಟೆ, ಪೆಟ್ಟಿಗೆಗಳು ಇಲ್ಲಿ ಸಲ್ಲುತ್ತವೆ. ಚಿತ್ರವನ್ನು ಇಂಟರ್‌ನೆಟ್‌ನಿಂದ ತೆಗೆದು ಅಚ್ಚುಹಾಕುವ ಮುನ್ನ ತಯಾರಕರು ಅದರ ಹಕ್ಕು ಯಾರದೆಂದು ನೋಡಿಕೊಳ್ಳಬೇಕು. ತಿಳಿದೂ ಮಾಡಿದ ಉಲ್ಲಂಘನೆಗೆ ಮೂರು ವರ್ಷದವರೆಗೆ ಸಜೆಯಿದೆ. ಅಂತಹ ಸರಕನ್ನು ಮಾರುವ ಅಂಗಡಿಯವರೂ ಹೊಣೆಯಿಂದ ಹೊರತಲ್ಲ.

1957ರ ಕೃತಿಸ್ವಾಮ್ಯ ಅಧಿನಿಯಮದ ಪ್ರಕಾರ ಕಲಾವಿದನ ಮರಣದ ಮರುವರ್ಷದ ಆರಂಭದಿಂದ 60 ವರ್ಷಗಳವರೆಗೆ ಹಕ್ಕು ಉಳಿಯುತ್ತದೆ. 1750ರಲ್ಲಿ ತೀರಿಕೊಂಡ ಡಚ್ ಕಲಾವಿದೆ ರಾಖೆಲ್ ರೌಶ್ ಅವರ ಹೂಗೊಂಚಲುಗಳಾಗಲಿ, 1890ರಲ್ಲಿ ತೀರಿಕೊಂಡ ವ್ಯಾನ್ ಗೋ ಅವರ ಸೂರ್ಯಕಾಂತಿಗಳಾಗಲಿ ಇಂದು ಯಾರ ಸ್ವತ್ತೂ ಅಲ್ಲ. ಚಿತ್ರ ಹಳೆಯದಾಗಿ ಕಂಡರೆ ಸಾಲದು, ಕಲಾವಿದನ ಮರಣದ ವರ್ಷವನ್ನೇ ನೋಡಬೇಕು. ಬೆಂಗಳೂರಿನ ಹೂಮರಗಳನ್ನು ಚಿತ್ರಿಸಿ ಹೆಸರಾದ ರುಮಾಲೆ ಚೆನ್ನಬಸವಯ್ಯನವರು ನಿಧನರಾದದ್ದು 1988ರಲ್ಲಿ. ಅವರ ಕೃತಿಗಳ ಹಕ್ಕು 2048ರ ಡಿಸೆಂಬರ್ ಅಂತ್ಯದವರೆಗೆ ಇರುತ್ತದೆ. ರಫ್ತು ಮಾಡುವವರಿಗೆ ಆಯಾ ದೇಶದ ಕಾನೂನು ಅನ್ವಯಿಸುತ್ತದೆ. 1954ರಲ್ಲಿ ತೀರಿಕೊಂಡ ಮಾತಿಸ್ ಅವರ ಚಿತ್ರಗಳ ಹಕ್ಕು ಭಾರತದಲ್ಲಿ 2014ರ ಕೊನೆಗೇ ಮುಗಿದರೆ, 70 ವರ್ಷಗಳ ಅವಧಿಯಿರುವ ಫ್ರಾನ್ಸಿನಲ್ಲಿ 2024ರ ಕೊನೆಯವರೆಗೆ ಜಾರಿಯಲ್ಲಿತ್ತು.

ಮೂಲಚಿತ್ರ ಮುಕ್ತವಾಗಿದ್ದರೂ ಅದರ ಛಾಯಾಚಿತ್ರದ ಮೇಲೆ ಬೇರೊಬ್ಬರು ಹಕ್ಕು ಸಾಧಿಸಬಹುದು. ಈ ತೊಡಕಿಗೆ ಸುಲಭ ಪರಿಹಾರವುಂಟು. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂ ತನ್ನ ಹಳೆಯ ಚಿತ್ರಗಳ ದೊಡ್ಡ ಪ್ರತಿಗಳನ್ನು ವಾಣಿಜ್ಯ ಬಳಕೆಗೂ ಉಚಿತವಾಗಿ ನೀಡುತ್ತದೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಿಂದ ಹಾಗೆ ಮಾಡುತ್ತಿದೆ. ಚಿತ್ರವನ್ನು ಪಡೆದ ದಿನವೇ ಅನುಮತಿಯ ಪುಟವನ್ನೂ ಮುದ್ರಿಸಿ ಕಡತದಲ್ಲಿಡುವುದು ಒಳ್ಳೆಯದು. ಮ್ಯೂಸಿಯಂನ ಹೆಸರು ಅಥವಾ ಲಾಂಛನವನ್ನು ಪೆಟ್ಟಿಗೆಯ ಮೇಲೆ ಹಾಕುವುದು ಮಾತ್ರ ಬೇರೆಯೇ ವಿಷಯ. ಅದಕ್ಕೆ ಈ ಅನುಮತಿ ಸಾಲದು.

ದೊಡ್ಡ ಪ್ರತಿಯ ಅಗತ್ಯ ಮುದ್ರಣದಲ್ಲಿಯೂ ಕಂಡುಬರುತ್ತದೆ. ಲೋಟದ ಸುತ್ತಲಿನ 20 ಸೆಂಟಿಮೀಟರ್ ಅಗಲಕ್ಕೆ ಇಂಚಿಗೆ 300 ಚುಕ್ಕೆಗಳಂತೆ ಸುಮಾರು 2,360 ಪಿಕ್ಸೆಲ್ ಬೇಕು. ಹೂದಾನಿಯ ಚಿತ್ರಗಳು ಬಹುತೇಕ ಉದ್ದುದ್ದ, ಲೋಟದ ಮೈ ಅಡ್ಡಡ್ಡ; ಆದ್ದರಿಂದ ಒಂದೆರಡು ಹೂಗಳ ಭಾಗವನ್ನಷ್ಟೇ ಆರಿಸಬೇಕಾಗುತ್ತದೆ, ಸಣ್ಣ ಪ್ರತಿಯಾದರೆ ಅದು ಮಸುಕಾಗುತ್ತದೆ. ಡಚ್ ಚಿತ್ರಗಳ ಕಪ್ಪು ಹಿನ್ನೆಲೆ ಸಬ್ಲಿಮೇಷನ್ ಮುದ್ರಣದಲ್ಲಿ ಒತ್ತಡ ಸಾಲದ ಅಂಚುಗಳನ್ನು ಎತ್ತಿ ತೋರಿಸುತ್ತದೆ. ತಿಳಿ ಹಿನ್ನೆಲೆಯ ಚಿತ್ರಗಳಲ್ಲಿ ಹಾಳಾಗುವ ಮಾಲು ಕಡಿಮೆ.

ಸ್ಥಳೀಯ ಕಲಾವಿದರಿಂದ ಹೊಸ ಹೂವಿನ ವಿನ್ಯಾಸವನ್ನು ಬರೆಸುವವರು ಇನ್ನೊಂದು ಅಂಶವನ್ನು ಗಮನಿಸಬೇಕು. ವಿನ್ಯಾಸ ಅಧಿನಿಯಮ 2000ರಡಿ ನೋಂದಣಿಗೆ ಅರ್ಹವಾದ ವಿನ್ಯಾಸವನ್ನು ನೋಂದಾಯಿಸದೆ ಯಂತ್ರದಿಂದ 50ಕ್ಕಿಂತ ಹೆಚ್ಚು ಪ್ರತಿ ತಯಾರಿಸಿದರೆ, ಕೃತಿಸ್ವಾಮ್ಯ ಅಧಿನಿಯಮದ ಕಲಂ 15(2)ರಂತೆ ಅದರ ಕೃತಿಸ್ವಾಮ್ಯ ಅಳಿಯುತ್ತದೆ. ಸೋಫಾ ಬಟ್ಟೆಯ ವಿನ್ಯಾಸಗಳ ಕುರಿತ ಮೈಕ್ರೋಫೈಬರ್ಸ್ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2009ರಲ್ಲಿ ಇದನ್ನೇ ಎತ್ತಿಹಿಡಿಯಿತು. ಐವತ್ತೊಂದನೆಯ ಲೋಟದ ನಂತರ ಪಕ್ಕದ ಅಂಗಡಿಯವನು ನಕಲು ಮಾಡಿದರೂ ತಡೆಯಲಾಗದು ಎಂಬುದು ಇದರ ತಾತ್ಪರ್ಯ. ನೋಂದಣಿಯಾದರೆ 10 ವರ್ಷ, ನವೀಕರಿಸಿದರೆ ಮತ್ತೆ 5 ವರ್ಷ ರಕ್ಷಣೆ ದೊರೆಯುತ್ತದೆ. ಆದರೆ ಸರಕು ಅಂಗಡಿಗೆ ಬರುವ ಮೊದಲೇ ಅರ್ಜಿ ಸಲ್ಲಿಸಬೇಕು. ರೌಶ್ ಅವರ ಚಿತ್ರವನ್ನು ಇದ್ದಂತೆಯೇ ಅಚ್ಚುಹಾಕಿದವರಿಗೆ ಈ ನೋಂದಣಿ ಸಿಗುವುದಿಲ್ಲ, ಏಕೆಂದರೆ ಅದರಲ್ಲಿ ಹೊಸತೇನೂ ಇಲ್ಲ.

ಕೊನೆಯದು ಚೀಟಿಯ ಮೇಲಿನ ಹೆಸರು. ತಿ. ನರಸೀಪುರದಲ್ಲಿ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ನೂಲು ತೆಗೆಯುವ ಕಾರ್ಖಾನೆಯಿದೆ; ಊರು ಅದೇ ಎಂಬ ಕಾರಣಕ್ಕೆ ಹೊರಗಿನ ಬಟ್ಟೆಯ ಚೀಲಕ್ಕೆ ‘ಮೈಸೂರು ಸಿಲ್ಕ್’ ಎಂದು ಬರೆಯುವಂತಿಲ್ಲ. ಆ ಹೆಸರು ಭೌಗೋಳಿಕ ಸೂಚಕವಾಗಿ ನೋಂದಾಯಿತವಾಗಿದೆ. ‘ಮೈಸೂರು ಸಾಂಪ್ರದಾಯಿಕ ಚಿತ್ರಕಲೆ’ಯೂ ಹಾಗೆಯೇ. ‘ಹೂಚಿತ್ರ ಮುದ್ರಿತ ರೇಷ್ಮೆ ಚೀಲ’ ಎಂದು ಬರೆದರೆ ಆಕ್ಷೇಪಣೆಗೆ ಎಡೆಯಿಲ್ಲ, ಬಟ್ಟೆ ನಿಜವಾಗಿಯೂ ರೇಷ್ಮೆಯಾಗಿದ್ದರೆ.