‘ಒಲ್ಲೆ’ ಎನ್ನಲು ಎಡೆಯಿಲ್ಲದ ಒಲವು

1748ರ ಇಂಗ್ಲೆಂಡಿನಲ್ಲಿ ಸ್ಯಾಮ್ಯುಯೆಲ್ ರಿಚರ್ಡ್‌ಸನ್ ಎಂಬ ಕಾದಂಬರಿಕಾರನಿಗೆ ಓದುಗರಿಂದ ವಿಚಿತ್ರ ಬೇಡಿಕೆಯೊಂದು ಬರತೊಡಗಿತು. ಅವನ ‘ಕ್ಲಾರಿಸ್ಸಾ’ ಕಾದಂಬರಿ ಆಗ ಕಂತುಗಳಲ್ಲಿ ಪ್ರಕಟವಾಗುತ್ತಿತ್ತು. ಏಳು ಸಂಪುಟಗಳ ಪೈಕಿ ಕೊನೆಯವು ಇನ್ನೂ ಹೊರಬಂದಿರಲಿಲ್ಲ. ಕಥೆಯ ಲವ್‌ಲೇಸ್ ಸಿರಿವಂತ, ಸುಂದರ, ಮಾತಿನಮಲ್ಲ. ಜೊತೆಗೆ ಪಕ್ಕಾ ವಂಚಕ. ಅವನನ್ನು ತಿದ್ದಿ ನಾಯಕಿಯೊಡನೆ ಮದುವೆ ಮಾಡಿಸಿ ಎಂಬುದೇ ಆ ಬೇಡಿಕೆ. ಲೇಡಿ ಬ್ರಾಡ್‌ಶೇ ಎಂಬಾಕೆಯಂತೂ ಮೊದಲಿಗೆ ಹುಸಿ ಹೆಸರಿನಲ್ಲಿ ಪತ್ರ ಬರೆದು ಅಂಗಲಾಚಿದರು. ರಿಚರ್ಡ್‌ಸನ್ ಜಗ್ಗಲಿಲ್ಲ. ವಂಚಿತಳಾದ ಕ್ಲಾರಿಸ್ಸಾ ಲವ್‌ಲೇಸನನ್ನು ನಿರಾಕರಿಸಿಯೇ ಸಾಯುತ್ತಾಳೆ.

ಅಂದಿನ ಓದುಗರಿಗೆ ದಕ್ಕದ ಲೇಖನಿ ಇಂದು ವಿಡಿಯೊ ಗೇಮ್ ಆಡುವವರ ಕೈಗೆ ಬಂದಿದೆ. ಆಟಗಾರನ ಆಯ್ಕೆಗಳಿಗೆ ತಕ್ಕಂತೆ ಕಥೆ ಕವಲೊಡೆಯುವ ಆಟಗಳಲ್ಲಿ ಖಳನನ್ನು ಪ್ರೀತಿಸಬಹುದು, ತಿದ್ದಲೂಬಹುದು. ಪ್ರಶ್ನೆಯಿಷ್ಟೆ: ಆ ಪ್ರೇಮ ನಂಬುವಂತಿರುತ್ತದೆಯೇ?

ಅನೇಕ ಆಟಗಳಲ್ಲಿ ಸಿರಿವಂತ ಖಳನೆಂದರೆ ದೊಡ್ಡ ಬಂಗಲೆ, ದುಬಾರಿ ಉಡುಗೊರೆ ಮತ್ತು ಒಂದಿಷ್ಟು ಒರಟು ಮಾತು ಮಾತ್ರ. ನಾಲ್ಕು ಸವಿನುಡಿ ಆಡಿದರೆ ಅವನ ಕಲ್ಲೆದೆ ಕರಗುತ್ತದೆ. ಸಿರಿತನ ಇಲ್ಲಿ ಬರಿಯ ಅಲಂಕಾರ. ಲವ್‌ಲೇಸನ ಹಣ ಮಾಡುವ ಕೆಲಸವೇ ಬೇರೆ. ಅದು ನಾಯಕಿಗೆ ಒಡವೆ ತರುವುದಕ್ಕಿಂತ ಹೆಚ್ಚಾಗಿ ಅವಳ ಸುತ್ತಲಿನ ಜನರನ್ನು ಕೊಂಡುಕೊಳ್ಳುತ್ತದೆ. ಅವಳು ತಂಗಿದ ಮನೆಯ ಒಡತಿ ಅವನ ಕಡೆಯವಳು. ಅವನ ಬಂಧುಗಳೆಂದು ಬಂದವರು ಬಾಡಿಗೆಯ ವೇಷಧಾರಿಗಳು. ಗೆಳತಿಯ ಕಾಗದವೂ ಅವನೇ ಸೃಷ್ಟಿಸಿದ ನಕಲು. ಕ್ಲಾರಿಸ್ಸಾ ಆಯ್ದುಕೊಳ್ಳುತ್ತಿರುವಂತೆ ತೋರುವ ಪ್ರತಿ ದಾರಿಯನ್ನೂ ಅವನು ಮುಂಚೆಯೇ ಕಾಸು ಕೊಟ್ಟು ಕಟ್ಟಿಸಿರುತ್ತಾನೆ. ಹಣವುಳ್ಳ ವಂಚಕನ ನಿಜವಾದ ಶಕ್ತಿ ಇದು: ಎದುರಿಗಿರುವವರ ಆಯ್ಕೆಗಳನ್ನು ಅವರಿಗೆ ಗೊತ್ತಾಗದಂತೆ ಕಿರಿದುಗೊಳಿಸುವುದು. ಆಯ್ಕೆಯನ್ನೇ ಉಸಿರಾಗಿಸಿಕೊಂಡ ಕಲೆ ಇದನ್ನು ಎಲ್ಲಕ್ಕಿಂತ ಚೆನ್ನಾಗಿ ತೋರಿಸಬೇಕಿತ್ತು.

ತೋರಿಸಿದ ಉದಾಹರಣೆ ಇಲ್ಲದಿಲ್ಲ. ಬೆಲ್ಜಿಯಂನ ಲೇರಿಯನ್ ಸ್ಟುಡಿಯೋಸ್ 2023ರಲ್ಲಿ ಹೊರತಂದ ‘ಬಾಲ್ಡರ್ಸ್ ಗೇಟ್ 3’ ವಯಸ್ಕರಿಗಾಗಿ ಮಾಡಿದ ಆಟ. ಅದರಲ್ಲಿ ಬರುವ ಆಸ್ಟೇರಿಯನ್ ಎಂಬ ರಕ್ತಪಿಪಾಸು ಸುಮಾರು ಎರಡು ಶತಮಾನ ಕ್ರೂರ ಒಡೆಯನೊಬ್ಬನ ಗುಲಾಮನಾಗಿದ್ದವನು. ಪಯಣದ ಆರಂಭದಲ್ಲೇ ಅವನು ಆಟಗಾರನನ್ನು ಮೋಹಿಸುತ್ತಾನೆ. ಎಷ್ಟೋ ದೂರ ಸಾಗಿದ ಮೇಲೆ ತಾನೇ ತಪ್ಪೊಪ್ಪಿಕೊಳ್ಳುತ್ತಾನೆ: ಆ ಮೋಹ ತನ್ನ ರಕ್ಷಣೆಗಾಗಿ ಹೂಡಿದ ಉಪಾಯವಾಗಿತ್ತು ಎಂದು. ಅಷ್ಟು ಹೊತ್ತು ಆಟಗಾರ ಸುಖಿಸಿದ್ದ ಒಲವು ಹಿನ್ನೋಟದಲ್ಲಿ ಬಣ್ಣ ಬದಲಿಸುತ್ತದೆ. ಮುಂದೆ ಏಳು ಸಾವಿರಕ್ಕೂ ಹೆಚ್ಚು ಜೀವಗಳನ್ನು ಬಲಿಕೊಟ್ಟರೆ ಒಡೆಯನ ಬಯಕೆಯ ಮಹಾಶಕ್ತಿ ಅವನದಾಗುವ ಘಟ್ಟ ಬರುತ್ತದೆ. ಆಟಗಾರ ನೆರವಾದರೆ ಅವನು ಹೊಸ ಒಡೆಯನಾಗಿ ಮೆರೆಯುತ್ತಾನೆ. ಪ್ರೀತಿಸಿದವರನ್ನೇ ತನ್ನ ಅಡಿಯಾಳು ರಕ್ತಪಿಪಾಸುವನ್ನಾಗಿಸಲು ಮುಂದಾಗುತ್ತಾನೆ. ತಡೆದರೆ ಅವನಿಗೆ ಬಿಸಿಲು ಶಾಶ್ವತವಾಗಿ ದೂರವಾಗುತ್ತದೆ, ಆದರೆ ಒಲವಿನಲ್ಲಿ ಸಮಾನತೆ ಉಳಿಯುತ್ತದೆ. ಇಲ್ಲಿ ಪ್ರೀತಿ ಯಾರನ್ನೂ ಮಾಯಾದಂಡದಂತೆ ಬದಲಿಸುವುದಿಲ್ಲ. ಅಧಿಕಾರವನ್ನು ಬಿಟ್ಟುಕೊಟ್ಟದ್ದು ಬದಲಿಸುತ್ತದೆ. ಈ ಪಾತ್ರಕ್ಕೆ ದನಿಯಾದ ನೀಲ್ ನ್ಯೂಬನ್‌ಗೆ ಅದೇ ವರ್ಷದ ಗೇಮ್ ಅವಾರ್ಡ್ಸ್‌ನಲ್ಲಿ ಶ್ರೇಷ್ಠ ಅಭಿನಯದ ಪ್ರಶಸ್ತಿ ಸಂದಿತು.

ಆದರೂ ಒಂದು ತೊಡಕು ಉಳಿಯುತ್ತದೆ, ಮತ್ತು ಅದು ಈ ಕಲಾಪ್ರಕಾರದ್ದೇ. ಇಂಥ ಆಟಗಳಲ್ಲಿ ಜೊತೆಗಾರರ ಮೆಚ್ಚುಗೆಗೆ ಅಂಕಗಳ ಲೆಕ್ಕವುಂಟು. ಯಾವ ಮಾತು ಹೇಳಿದರೆ ಅಂಕ ಏರುತ್ತದೆಂದು ಎಣಿಸಿ ಅದನ್ನೇ ಹೇಳುವ ಆಟಗಾರ ಮಾಡುತ್ತಿರುವುದೇನು? ಬೇಕಾದ ಉತ್ತರ ಸಿಗದಿದ್ದರೆ ಹಿಂದೆ ಕಾಯ್ದಿಟ್ಟ ಹಂತಕ್ಕೆ ಮರಳಿ ಬೇರೆ ಮಾತು ಆರಿಸಿಕೊಳ್ಳಬಹುದು. ಎದುರಿನ ಪಾತ್ರಕ್ಕೆ ಹಿಂದಿನದೇನೂ ನೆನಪಿರುವುದಿಲ್ಲ. ಮಾಡಿದ್ದಕ್ಕೆ ಬೆಲೆ ತೆರದೆ ಮತ್ತೆ ಮತ್ತೆ ಪ್ರಯತ್ನಿಸುವ ಈ ಸೌಲಭ್ಯ ನಿಜ ಜೀವನದಲ್ಲಿ ಯಾರಿಗಿದೆ? ಲವ್‌ಲೇಸನಂಥ ಹಣವಂತರಿಗಿದೆ. ಸಿರಿವಂತ ವಂಚಕನ ಪ್ರೇಮ ಆಟದಲ್ಲಿ ಹುಸಿಯೆನಿಸಲು ಅವನ ಪಾತ್ರಚಿತ್ರಣವಷ್ಟೇ ಕಾರಣವಲ್ಲ. ಆಟದೊಳಗೆ ಅವನಿಗಿಂತ ದೊಡ್ಡ ಸಿರಿವಂತರು ನಾವೇ.

ಹಾಗೆಂದು ಇಂಥ ಕಥೆಗಳನ್ನು ಕಂಡು ಮೂಗು ಮುರಿಯಬೇಕಿಲ್ಲ. ವಂಚಕನನ್ನು ಒಲಿಸಿಕೊಳ್ಳುವ ಕನಸು ಲೇಡಿ ಬ್ರಾಡ್‌ಶೇ ಕಾಲಕ್ಕೂ ಇತ್ತು, ನಾಳೆಯೂ ಇರುತ್ತದೆ. ಕೇಳಬೇಕಾದದ್ದು ಒಂದೇ: ಈ ಆಟದಲ್ಲಿ ‘ಒಲ್ಲೆ’ ಎನ್ನುವ ಆಯ್ಕೆ ಇದೆಯೇ, ಹಾಗೆಂದವರಿಗೆ ಅದರ ಬೆಲೆ ತಟ್ಟುತ್ತದೆಯೇ? ತಟ್ಟಿದರೆ ಆ ಕಥೆಯ ಒಪ್ಪಿಗೆಗೂ ಅರ್ಥ ಬರುತ್ತದೆ. ನಮ್ಮ ಮನೆಯ ಹದಿವಯಸ್ಸಿನವರು ಮುಂದೆ ಎಂದಾದರೂ ಇಂಥ ಆಟ ಆಡಿಯೇ ಆಡುತ್ತಾರೆ. ನಿಜ ಬದುಕಿನ ಲವ್‌ಲೇಸ್ ಎದುರಾದಾಗ ಕಾಯ್ದಿಟ್ಟ ಹಂತಕ್ಕೆ ಮರಳುವ ದಾರಿ ಇರುವುದಿಲ್ಲವೆಂಬುದನ್ನು ಆ ಆಟವೇ ಅವರಿಗೆ ಕಲಿಸಿದ್ದರೆ ಒಳ್ಳೆಯದು.