ಮನೆಯ ಒಳಾಂಗಣದ ಕಾರ್ನಿಸ್ ಹಾಗೂ ಮರದ ಪಟ್ಟಿ ಕೆಲಸ: ಗ್ರಾಹಕರಿಗೆ ಮಾಹಿತಿ

ಗೋಡೆಯು ಸೀಲಿಂಗನ್ನು ಸೇರುವ ಅಂಚಿಗೆ ಅಳವಡಿಸುವ ಅಲಂಕಾರಿಕ ಪಟ್ಟಿಯನ್ನು ಕಾರ್ನಿಸ್ ಎಂದೂ, ಗೋಡೆಯ ಬುಡದ ಪಟ್ಟಿಯನ್ನು ಸ್ಕರ್ಟಿಂಗ್ ಎಂದೂ, ಬಾಗಿಲ ಚೌಕಟ್ಟಿಗೂ ಗೋಡೆಗೂ ನಡುವಣ ಸಂದನ್ನು ಮುಚ್ಚುವ ಪಟ್ಟಿಯನ್ನು ಬೀಡಿಂಗ್ ಎಂದೂ ಕರೆಯಲಾಗುತ್ತದೆ. ಮನೆಯ ಒಟ್ಟು ವೆಚ್ಚದಲ್ಲಿ ಇವುಗಳ ಪಾಲು ಚಿಕ್ಕದಾದ ಕಾರಣ ಈ ಕೆಲಸವು ಬಹುತೇಕ ಬಾಯಿಮಾತಿನಲ್ಲಿಯೇ ನಡೆಯುತ್ತದೆ. ತಕರಾರುಗಳು ಹುಟ್ಟುವುದೂ ಇಲ್ಲಿಯೇ.

ಅಳತೆ ಮತ್ತು ದರ

ಪಟ್ಟಿಗಳ ದರವನ್ನು 'ರನ್ನಿಂಗ್ ಅಡಿ' ಲೆಕ್ಕದಲ್ಲಿ ಹೇಳುವುದು ರೂಢಿ. ಆದರೆ ಕಾನೂನು ಮಾಪನಶಾಸ್ತ್ರ ಅಧಿನಿಯಮ, 2009ರ 11ನೇ ಪ್ರಕರಣದ ಮೇರೆಗೆ ದರವನ್ನು ಪ್ರಮಾಣಿತ ಮಾನದಲ್ಲಿ, ಅಂದರೆ ಮೀಟರ್ ಲೆಕ್ಕದಲ್ಲಿ ನಮೂದಿಸತಕ್ಕದ್ದು. ಅಡಿಗೆ 100 ರೂ. ಎಂದರೆ ಮೀಟರಿಗೆ ಸುಮಾರು 328 ರೂ. ಆಗುತ್ತದೆ.

ಉದಾಹರಣೆಗೆ, 3.6 ಮೀ. ಉದ್ದ ಹಾಗೂ 3 ಮೀ. ಅಗಲದ ಕೋಣೆಯ ಸುತ್ತಳತೆ 13.2 ಮೀ. ಮೂಲೆಗಳಲ್ಲಿ ಕತ್ತರಿಸಿ ಹೋಗುವ ಭಾಗಕ್ಕೆಂದು ಶೇ. 10 ಸೇರಿಸಿದಲ್ಲಿ ಸುಮಾರು 14.5 ಮೀ. ಕಾರ್ನಿಸ್ ಖರೀದಿಸಬೇಕಾಗುತ್ತದೆ. ಸ್ಕರ್ಟಿಂಗ್ ಲೆಕ್ಕದಲ್ಲಿ ಬಾಗಿಲಿನ ಅಗಲವನ್ನು ಕಳೆಯಬೇಕು. ಕಾರ್ನಿಸ್ ಬಾಗಿಲಿನ ಮೇಲೂ ಹಾದುಹೋಗುವುದರಿಂದ ಅಲ್ಲಿ ಕಳೆಯುವ ಪ್ರಶ್ನೆಯಿಲ್ಲ. ಕೂಲಿಯನ್ನು ಖರೀದಿಸಿದ ಉದ್ದಕ್ಕೆ ಕೊಡಬೇಕೋ, ಕೂರಿಸಿದ ಉದ್ದಕ್ಕೆ ಕೊಡಬೇಕೋ ಎಂಬುದನ್ನು ದರಪಟ್ಟಿಯಲ್ಲಿ ಮೊದಲೇ ಬರೆಸಿಕೊಳ್ಳುವುದು ಸೂಕ್ತ.

ಮರದ ತೇವಾಂಶ

ಹಸಿ ಮರವು ಒಣಗಿದಂತೆ ಅಗಲದಲ್ಲಿ ಕುಗ್ಗುತ್ತದೆ. ಉದ್ದದಲ್ಲಿ ಕುಗ್ಗುವುದು ಅತ್ಯಲ್ಪ. ಹೀಗಾಗಿ 45 ಡಿಗ್ರಿ ಕೋನದಲ್ಲಿ ಕತ್ತರಿಸಿ ಜೋಡಿಸಿದ ಮೂಲೆಗಳು ಕೆಲವು ತಿಂಗಳಲ್ಲಿ ಬಾಯಿಬಿಡುತ್ತವೆ. ಮರಗೆಲಸಕ್ಕೆ ಬಳಸುವ ಮರದ ತೇವಾಂಶದ ಮಿತಿಯನ್ನು ಭಾರತೀಯ ಮಾನಕ ಐ.ಎಸ್. 287 ಆಯಾ ಪ್ರದೇಶದ ಹವೆಗೆ ಅನುಸಾರವಾಗಿ ಗೊತ್ತುಪಡಿಸಿದೆ. ಕರಾವಳಿಗೆ ಒಪ್ಪುವ ಮರ ಬಯಲುಸೀಮೆಗೆ ಒಪ್ಪಲಾರದು. ಹೊಸ ಗೋಡೆಯ ಗಾರೆ ಪೂರ್ಣವಾಗಿ ಆರುವ ಮುನ್ನ ಪಟ್ಟಿ ಕೂರಿಸಬಾರದು. ಪಟ್ಟಿಯ ಹಿಂಬದಿಗೂ ಪ್ರೈಮರ್ ಬಳಿಸಬೇಕು. ಕಣ್ಣಿಗೆ ಕಾಣದ ಭಾಗವಾದ್ದರಿಂದ ಇದನ್ನು ಬಿಟ್ಟುಬಿಡುವುದೇ ಹೆಚ್ಚು.

ಒಳಮೂಲೆಗಳಲ್ಲಿ ಒಂದು ಪಟ್ಟಿಯನ್ನು ಗೋಡೆಯವರೆಗೆ ನೇರವಾಗಿ ಕೂರಿಸಿ, ಇನ್ನೊಂದರ ತುದಿಯನ್ನು ಮೊದಲನೆಯದರ ಉಬ್ಬುತಗ್ಗಿಗೆ ಹೊಂದುವಂತೆ ಕೊರೆದು ಜೋಡಿಸಿದರೆ ಸಂದು ಕಡಿಮೆ ಕಾಣುತ್ತದೆ. ಇದಕ್ಕೆ ಸಮಯ ಹೆಚ್ಚು ಬೇಕು, ಕೂಲಿಯೂ ಹೆಚ್ಚು.

ಪರಿಶೀಲನೆ ಮತ್ತು ದೂರು

ಸಂದುಗಳಿಗೆ ಪುಟ್ಟಿ ತುಂಬಿ ಬಣ್ಣ ಬಳಿದ ನಂತರ ಯಾವ ಕೆಲಸವೂ ಚೆನ್ನಾಗಿಯೇ ಕಾಣುತ್ತದೆ. ದೋಷ ಹೊರಬೀಳುವುದು ಮುಂದಿನ ಬೇಸಿಗೆಯಲ್ಲಿ. ಆದುದರಿಂದ ಪುಟ್ಟಿ ಹಚ್ಚುವ ಮುನ್ನವೇ ಪರಿಶೀಲಿಸಿ ಛಾಯಾಚಿತ್ರ ತೆಗೆದಿಟ್ಟುಕೊಳ್ಳುವುದು ಒಳಿತು.

ಕಳಪೆ ಸಾಮಗ್ರಿ ಅಥವಾ ಕಳಪೆ ಕೆಲಸದ ಬಗ್ಗೆ, ಪಾವತಿಸಿದ ಮೊತ್ತ 50 ಲಕ್ಷ ರೂ. ಮೀರದಿದ್ದಲ್ಲಿ, ಗ್ರಾಹಕರು ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸಬಹುದು. ವ್ಯಾಜ್ಯದ ಕಾರಣ ಉದ್ಭವಿಸಿದ ದಿನದಿಂದ 2 ವರ್ಷಗಳೊಳಗೆ ಸಲ್ಲಿಸತಕ್ಕದ್ದು. ಪಾವತಿಸಿದ ಮೊತ್ತ 5 ಲಕ್ಷ ರೂ.ವರೆಗೆ ಇದ್ದಲ್ಲಿ ಶುಲ್ಕವಿರುವುದಿಲ್ಲ. ವಕೀಲರನ್ನು ನೇಮಿಸಿಕೊಳ್ಳುವುದು ಕಡ್ಡಾಯವಲ್ಲ. ದರಪಟ್ಟಿ, ರಸೀದಿ ಹಾಗೂ ಛಾಯಾಚಿತ್ರಗಳ ಪ್ರತಿಗಳನ್ನು ದೂರಿನೊಂದಿಗೆ ಲಗತ್ತಿಸಬೇಕು. ದೂರು ಸಲ್ಲಿಸುವ ಮುನ್ನ ಸಲಹೆ ಬಯಸುವವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ನ್ನು ಸಂಪರ್ಕಿಸಬಹುದು.